ಏಕರೂಪ ವಿದ್ಯುತ್ ಕ್ಷೇತ್ರದಲ್ಲಿ ಆವೇಶಿತ ಕಣದ ಚಲನೆ: ಪದೇ ಪದೇ ಕೇಳುವ ಪ್ರಶ್ನೆಗಳು

ದ್ವಿತೀಯ ಪಿಯುಸಿ ಭೌತವಿಜ್ಞಾನ ಶುರುವಾಗುವುದೇ ಸ್ಥಿರ ವಿದ್ಯುತ್ತಿನಿಂದ. ಎರಡು ಸಮಾಂತರ ಫಲಕಗಳ ನಡುವೆ ಎಲೆಕ್ಟ್ರಾನ್ ಒಂದನ್ನು ತೂರಿಸಿ, ಅದು ಎಷ್ಟು ಬಾಗಿತು ಎಂದು ಕೇಳುವ ಲೆಕ್ಕ ಆರಂಭದ ಪಾಠಗಳಲ್ಲೇ ಎದುರಾಗುತ್ತದೆ. ಹೆಚ್ಚಿನವರು ಸೂತ್ರವನ್ನು ಉರು ಹೊಡೆದು ದಾಟಿಬಿಡುತ್ತಾರೆ. ಪಾಠ ಮಾಡುವವನಾಗಿ ನನಗೆ ಇದು ಸಂಕಟದ ವಿಷಯ. ಇಲ್ಲಿ ಉರು ಹೊಡೆಯುವಂಥದ್ದು ಏನೂ ಇಲ್ಲ. ಎಸೆದ ಕಲ್ಲಿನ ಹಾದಿಯನ್ನು ಪ್ರಥಮ ಪಿಯುಸಿಯಲ್ಲಿ ಲೆಕ್ಕ ಹಾಕಿದವರಿಗೆ ಬೇಕಾದದ್ದೆಲ್ಲ ಆಗಲೇ ಗೊತ್ತಿದೆ. ತರಗತಿಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಸೂತ್ರಗಳನ್ನು ಅಕ್ಷರಚಿಹ್ನೆಗಳ ಬದಲು ಪದಗಳಲ್ಲೇ ಬರೆದಿದ್ದೇನೆ. ಓದುವಾಗ ಕೈಯಲ್ಲೊಂದು ಪೆನ್ಸಿಲ್, ಪಕ್ಕದಲ್ಲೊಂದು ಹಾಳೆ ಇರಲಿ.

ಏಕರೂಪ ಕ್ಷೇತ್ರ ಎಂದರೇನು? ನಿಜವಾಗಿ ಅಂಥದ್ದು ಎಲ್ಲಾದರೂ ಇದೆಯೇ?

ಒಂದು ಪ್ರದೇಶದ ಯಾವ ಬಿಂದುವಿಗೆ ಹೋದರೂ ಕ್ಷೇತ್ರದ ಪ್ರಮಾಣವೂ ದಿಕ್ಕೂ ಬದಲಾಗದಿದ್ದರೆ ಅದು ಏಕರೂಪ ಕ್ಷೇತ್ರ. ಎರಡು ಚಪ್ಪಟೆ ಲೋಹದ ಫಲಕಗಳನ್ನು ಎದುರುಬದುರಾಗಿ ಹತ್ತಿರ ಹತ್ತಿರ ಇಟ್ಟು, ಒಂದನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಋಣ ತುದಿಗೂ ಜೋಡಿಸಿದರೆ ನಡುವಿನ ಜಾಗದಲ್ಲಿ ಹೆಚ್ಚುಕಡಿಮೆ ಅಂಥ ಕ್ಷೇತ್ರ ಸಿಗುತ್ತದೆ. ಅಂಚುಗಳಲ್ಲಿ ಕ್ಷೇತ್ರರೇಖೆಗಳು ಹೊರಕ್ಕೆ ಉಬ್ಬುತ್ತವೆ. ಫಲಕದ ಉದ್ದಗಲಕ್ಕೆ ಹೋಲಿಸಿದರೆ ಅಂತರ ಚಿಕ್ಕದಾಗಿದ್ದಷ್ಟೂ ಈ ಉಬ್ಬನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಬಹುದು.

ಕ್ಷೇತ್ರ = ವಿಭವಾಂತರ ÷ ಅಂತರ. 2 ಸೆಂಟಿಮೀಟರ್ ಅಂತರದ ಫಲಕಗಳಿಗೆ 200 ವೋಲ್ಟ್ ಕೊಟ್ಟರೆ ಕ್ಷೇತ್ರ ಮೀಟರಿಗೆ 10,000 ವೋಲ್ಟ್. ಕೇಳಲು ದೊಡ್ಡ ಸಂಖ್ಯೆ, ಆದರೆ ಒಣ ಗಾಳಿಯಲ್ಲಿ ಕಿಡಿ ಹಾರಬೇಕಾದರೆ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಬೇಕು.

ಅಂಥ ಕ್ಷೇತ್ರದಲ್ಲಿ ಎಲೆಕ್ಟ್ರಾನನ್ನು ಸುಮ್ಮನೆ ಬಿಟ್ಟರೆ ಏನಾಗುತ್ತದೆ?

ಬಲ = ಆವೇಶ × ಕ್ಷೇತ್ರ. ಕ್ಷೇತ್ರ ಎಲ್ಲೆಡೆ ಒಂದೇ ಆದ್ದರಿಂದ ಬಲವೂ ಒಂದೇ, ವೇಗೋತ್ಕರ್ಷವೂ ಒಂದೇ. ಅಲ್ಲಿಂದಾಚೆಗೆ ಇದು ಮರದಿಂದ ತೊಟ್ಟು ಕಳಚಿ ಬೀಳುವ ಮಾವಿನಕಾಯಿಯ ಲೆಕ್ಕವೇ. ಗುರುತ್ವ ವೇಗೋತ್ಕರ್ಷ ಇದ್ದ ಜಾಗದಲ್ಲಿ ‘ಆವೇಶ × ಕ್ಷೇತ್ರ ÷ ದ್ರವ್ಯರಾಶಿ’ ಎಂದು ಬರೆಯಿರಿ, ಸಾಕು.

ಎಲೆಕ್ಟ್ರಾನಿನ ಆವೇಶ 1.602 × 10⁻¹⁹ ಕೂಲಂಬ್, ದ್ರವ್ಯರಾಶಿ 9.109 × 10⁻³¹ ಕಿಲೋಗ್ರಾಂ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಕಿಲೋಗ್ರಾಂಗೆ 1.759 × 10¹¹ ಕೂಲಂಬ್. ಮೇಲಿನ ಫಲಕಗಳ ನಡುವೆ ಅದರ ವೇಗೋತ್ಕರ್ಷ 1.759 × 10¹⁵, ಮೀಟರ್–ಸೆಕೆಂಡುಗಳ ಮಾನದಲ್ಲಿ. ಋಣ ಫಲಕದ ಬಳಿ ಬಿಟ್ಟ ಎಲೆಕ್ಟ್ರಾನ್ 2 ಸೆಂಟಿಮೀಟರ್ ದಾಟಿ ಧನ ಫಲಕವನ್ನು ಮುಟ್ಟಲು ಹಿಡಿಯುವ ಕಾಲ ಸುಮಾರು 4.8 ನ್ಯಾನೊಸೆಕೆಂಡ್. ಮುಟ್ಟುವ ಹೊತ್ತಿಗೆ ವೇಗ ಸೆಕೆಂಡಿಗೆ ಸುಮಾರು 8,400 ಕಿಲೋಮೀಟರ್.

ಅದೇ ಜಾಗದಲ್ಲಿ ಪ್ರೋಟಾನ್ ಇದ್ದರೆ?

ಆವೇಶ ಅಷ್ಟೇ, ಚಿಹ್ನೆ ವಿರುದ್ಧ. ಆದ್ದರಿಂದ ಬಲ ಅಷ್ಟೇ, ದಿಕ್ಕು ವಿರುದ್ಧ. ದ್ರವ್ಯರಾಶಿ ಮಾತ್ರ 1,836 ಪಟ್ಟು. ಧನ ಫಲಕದ ಬಳಿ ಬಿಟ್ಟರೆ ಅದು ಋಣ ಫಲಕ ಸೇರಲು ಸುಮಾರು 204 ನ್ಯಾನೊಸೆಕೆಂಡ್ ಬೇಕು, ಅಂದರೆ ಎಲೆಕ್ಟ್ರಾನಿನ 43 ಪಟ್ಟು. 1,836ರ ವರ್ಗಮೂಲ 42.8 ಎಂಬುದನ್ನು ಗಮನಿಸಿ. ಮುಟ್ಟುವಾಗಿನ ವೇಗವೂ ಅಷ್ಟೇ ಪಟ್ಟು ಕಡಿಮೆ. ಆದರೆ ಚಲನ ಶಕ್ತಿ ಎರಡಕ್ಕೂ ಒಂದೇ: 200 ಎಲೆಕ್ಟ್ರಾನ್‌ವೋಲ್ಟ್. (ಒಂದು ಎಲೆಕ್ಟ್ರಾನಿನಷ್ಟು ಆವೇಶ 1 ವೋಲ್ಟ್ ವಿಭವಾಂತರ ದಾಟಿದಾಗ ಪಡೆಯುವ ಶಕ್ತಿಯೇ ಒಂದು ಎಲೆಕ್ಟ್ರಾನ್‌ವೋಲ್ಟ್.) ಬಲವೂ ದೂರವೂ ಒಂದೇ ಆದಮೇಲೆ ಕೆಲಸವೂ ಒಂದೇ ಆಗಬೇಕಲ್ಲ!

ಗುರುತ್ವವನ್ನು ಬಿಟ್ಟುಬಿಡಬಹುದೆಂದು ಯಾವ ಧೈರ್ಯದ ಮೇಲೆ ಹೇಳುತ್ತೀರಿ?

ಲೆಕ್ಕದ ಧೈರ್ಯದ ಮೇಲೆ. ಮೇಲಿನ ಎಲೆಕ್ಟ್ರಾನಿನ ವೇಗೋತ್ಕರ್ಷ ಗುರುತ್ವದ್ದಕ್ಕಿಂತ ಸುಮಾರು 1.8 × 10¹⁴ ಪಟ್ಟು ಹೆಚ್ಚು. ನೂರೆಂಬತ್ತು ಲಕ್ಷ ಕೋಟಿಗೆ ಒಂದರ ಪಾಲನ್ನು ಬಿಟ್ಟರೆ ಉತ್ತರದಲ್ಲಿ ಯಾವ ಅಂಕಿಯೂ ಅಲುಗುವುದಿಲ್ಲ.

ಆದರೆ ಕಣ ದೊಡ್ಡದಾದರೆ ಈ ಮಾತು ನಡೆಯುವುದಿಲ್ಲ. ಅಮೆರಿಕದ ರಾಬರ್ಟ್ ಮಿಲಿಕನ್ ಅವರ ಎಣ್ಣೆಹನಿಯನ್ನು ನೆನಪಿಸಿಕೊಳ್ಳಿ. ಒಂದು ಮೈಕ್ರೊಮೀಟರ್ ತ್ರಿಜ್ಯದ ಎಣ್ಣೆಹನಿಯ ತೂಕ ಸುಮಾರು 3.7 × 10⁻¹⁴ ನ್ಯೂಟನ್. ಅದರ ಮೇಲೆ ಐದು ಎಲೆಕ್ಟ್ರಾನುಗಳಷ್ಟು ಆವೇಶವಿದ್ದರೆ, ಅದನ್ನು ಬೀಳದಂತೆ ಹಿಡಿದು ನಿಲ್ಲಿಸಲು ಮೀಟರಿಗೆ ಸುಮಾರು 46,000 ವೋಲ್ಟ್ ಕ್ಷೇತ್ರ ಬೇಕು. ಇಲ್ಲಿ ಗುರುತ್ವವೂ ವಿದ್ಯುತ್ ಬಲವೂ ಸರಿಸಮನಾಗಿ ಹಗ್ಗಜಗ್ಗಾಟ ನಡೆಸುತ್ತವೆ. ಗಾಳಿಯ ತಡೆಯೂ ಇರುವುದರಿಂದ ಹನಿ ವೇಗೋತ್ಕರ್ಷಗೊಳ್ಳುತ್ತ ಹೋಗದೆ ಒಂದೇ ನಿಧಾನ ವೇಗದಲ್ಲಿ ಏರುತ್ತದೆ ಅಥವಾ ಇಳಿಯುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಗಡಿಯಾರ ಹಿಡಿದು ಕೂರಬಹುದು. ಎಲೆಕ್ಟ್ರಾನಿನ ಮೂಲ ಆವೇಶವನ್ನು ಮಿಲಿಕನ್ ಅಳೆದದ್ದು ಹೀಗೆಯೇ. 1923ರ ನೊಬೆಲ್ ಬಹುಮಾನಕ್ಕೆ ಕಾರಣವಾದ ಕೆಲಸಗಳಲ್ಲಿ ಇದೂ ಒಂದು.

ಲೆಕ್ಕದಲ್ಲಿ ‘ಎಲೆಕ್ಟ್ರಾನ್’, ‘ಪ್ರೋಟಾನ್’ ಎಂದಿದ್ದರೆ ಗುರುತ್ವ ಬಿಡಿ. ‘ಹನಿ’, ‘ಗುಂಡು’, ‘ಧೂಳಿನ ಕಣ’ ಎಂದಿದ್ದರೆ ಬಿಡುವ ಮೊದಲು ಒಂದು ಸಲ ಭಾಗಿಸಿ ನೋಡಿ.

ಎಲೆಕ್ಟ್ರಾನ್ ಕ್ಷೇತ್ರದ ದಿಕ್ಕಿನಲ್ಲೇ ಹೊರಟರೆ ಅದರ ವೇಗ ಹೆಚ್ಚಬೇಕಲ್ಲವೇ?

ಇಲ್ಲ, ಕಡಿಮೆಯಾಗುತ್ತದೆ. ಕ್ಷೇತ್ರದ ದಿಕ್ಕನ್ನು ನಾವು ಧನ ಆವೇಶದ ಮೇಲಿನ ಬಲದ ದಿಕ್ಕೆಂದು ಒಪ್ಪಿಕೊಂಡಿದ್ದೇವೆ. ಎಲೆಕ್ಟ್ರಾನಿನ ಮೇಲಿನ ಬಲ ಅದಕ್ಕೆ ತಿರುಗುಮುರುಗು. ಆದ್ದರಿಂದ ಈ ಎಲೆಕ್ಟ್ರಾನ್ ಮೇಲಕ್ಕೆ ಎಸೆದ ಚೆಂಡಿನಂತೆ ನಿಧಾನವಾಗುತ್ತಾ ಹೋಗಿ, ಒಂದು ಕ್ಷಣ ನಿಂತು, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. 50 ಎಲೆಕ್ಟ್ರಾನ್‌ವೋಲ್ಟ್ ಚಲನ ಶಕ್ತಿಯಿಂದ ಹೊರಟದ್ದು ಮೀಟರಿಗೆ 10,000 ವೋಲ್ಟ್ ಕ್ಷೇತ್ರದಲ್ಲಿ ಎಷ್ಟು ದೂರ ಹೋದೀತು? 50ನ್ನು 10,000ದಿಂದ ಭಾಗಿಸಿ: 5 ಮಿಲಿಮೀಟರ್. ವೇಗ, ಕಾಲ ಯಾವುದೂ ಬೇಕಾಗಲಿಲ್ಲ. ಹೊರಟ ಜಾಗಕ್ಕೆ ಮರಳಿದಾಗ ಅದರ ವೇಗ ಹೊರಟಾಗ ಇದ್ದಷ್ಟೇ ಇರುತ್ತದೆ.

ಕ್ಷೇತ್ರಕ್ಕೆ ಅಡ್ಡಲಾಗಿ ನುಗ್ಗಿದರೆ ಹಾದಿ ಪರವಲಯವೇ ಏಕೆ?

ಎರಡು ದಿಕ್ಕುಗಳು ಒಂದಕ್ಕೊಂದು ತಲೆಹಾಕುವುದಿಲ್ಲ ಎಂಬುದೇ ಕಾರಣ. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಫಲಕಗಳು ಅಡ್ಡಲಾಗಿ ಮಲಗಿವೆ, ಧನ ಫಲಕ ಮೇಲಿದೆ, ಎಲೆಕ್ಟ್ರಾನ್ ಎಡದಿಂದ ಬಲಕ್ಕೆ ಒಳನುಗ್ಗುತ್ತಿದೆ ಎಂದುಕೊಳ್ಳಿ. ಬಲ ಇರುವುದು ಮೇಲ್ಮುಖವಾಗಿ ಮಾತ್ರ. ಎಡ–ಬಲ ದಿಕ್ಕಿನಲ್ಲಿ ತಳ್ಳುವವರೂ ಇಲ್ಲ, ತಡೆಯುವವರೂ ಇಲ್ಲ. ಹಾಗಾಗಿ ಆ ದಿಕ್ಕಿನ ವೇಗ ಬಂದ ಹಾಗೆಯೇ ಉಳಿಯುತ್ತದೆ ಮತ್ತು ಸಾಗಿದ ದೂರ ಕಾಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಮೇಲ್ಮುಖವಾಗಿ ಮೊದಲು ವೇಗವೇ ಇರಲಿಲ್ಲ, ವೇಗೋತ್ಕರ್ಷ ಮಾತ್ರ ಇದೆ. ಹಾಗಾಗಿ ಏರಿದ ಎತ್ತರ ಕಾಲದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಕಾಲವನ್ನು ನಡುವಿನಿಂದ ತೆಗೆದುಹಾಕಿದರೆ ಎತ್ತರವು ಅಡ್ಡ ದೂರದ ವರ್ಗಕ್ಕೆ ಅನುಗುಣ. ಅದೇ ಪರವಲಯ.

ಈಗ ಸಂಖ್ಯೆ ಹಾಕೋಣ. 1,000 ವೋಲ್ಟ್ ವಿಭವಾಂತರದಿಂದ ವೇಗ ಪಡೆದ ಎಲೆಕ್ಟ್ರಾನ್, 5 ಸೆಂಟಿಮೀಟರ್ ಉದ್ದದ, 1.5 ಸೆಂಟಿಮೀಟರ್ ಅಂತರದ ಫಲಕಗಳ ನಟ್ಟನಡುವೆ ಒಳಬರುತ್ತದೆ. ಫಲಕಗಳ ನಡುವೆ 100 ವೋಲ್ಟ್ ಇದೆ. (ಉದ್ದ, ಅಂತರಗಳನ್ನು ಬೇಕೆಂದೇ ಹೀಗೆ ಆರಿಸಿದ್ದೇನೆ, ಕಾರಣ ಮುಂದೆ ಬರುತ್ತದೆ.)

ಒಳಬರುವಾಗಿನ ವೇಗ ಸೆಕೆಂಡಿಗೆ 1.875 × 10⁷ ಮೀಟರ್. 5 ಸೆಂಟಿಮೀಟರ್ ದಾಟಲು 2.67 ನ್ಯಾನೊಸೆಕೆಂಡ್. ಬೆಳಕು ಕೂಡ ಅಷ್ಟರಲ್ಲಿ 80 ಸೆಂಟಿಮೀಟರ್ ಮಾತ್ರ ಹೋಗುತ್ತದೆ. ಇಷ್ಟು ಸಣ್ಣ ಅವಧಿಯಲ್ಲಿ ಎಲೆಕ್ಟ್ರಾನ್ ಮೇಲಕ್ಕೆ ಸರಿದದ್ದು 4.17 ಮಿಲಿಮೀಟರ್. ಮೇಲಿನ ಫಲಕ ಇರುವುದು 7.5 ಮಿಲಿಮೀಟರ್ ಮೇಲೆ, ಹಾಗಾಗಿ ಎಲೆಕ್ಟ್ರಾನ್ ತಾಗದೆ ಪಾರಾಯಿತು. ಈ ಕೊನೆಯ ಪರೀಕ್ಷೆಯನ್ನು ಮಾಡದೆ ಉತ್ತರ ಬರೆಯಬೇಡಿ. 200 ವೋಲ್ಟ್ ಕೊಟ್ಟಿದ್ದರೆ ಸೂತ್ರವೇನೋ 8.3 ಮಿಲಿಮೀಟರ್ ಎನ್ನುತ್ತಿತ್ತು, ಎಲೆಕ್ಟ್ರಾನ್ ಮಾತ್ರ ಅದಕ್ಕೆ ಮೊದಲೇ ಫಲಕಕ್ಕೆ ಬಡಿದಿರುತ್ತಿತ್ತು.

ಫಲಕಗಳಿಂದ ಹೊರಬಂದ ಮೇಲೂ ಅದು ಬಾಗುತ್ತಲೇ ಹೋಗುತ್ತದೆಯೇ?

ಹೊರಗೆ ಕ್ಷೇತ್ರವಿಲ್ಲ, ಬಲವಿಲ್ಲ, ಬಾಗುವುದೂ ಇಲ್ಲ. ಪರವಲಯದ ಕೊನೆಯ ಬಿಂದುವಿನಲ್ಲಿ ಎಳೆದ ಸ್ಪರ್ಶರೇಖೆಯೇ ಅಲ್ಲಿಂದ ಮುಂದಿನ ಹಾದಿ. ನಮ್ಮ ಲೆಕ್ಕದಲ್ಲಿ ಆ ರೇಖೆಯ ಇಳಿಜಾರು 6ಕ್ಕೆ 1, ಕೋನ ಸುಮಾರು 9.5 ಡಿಗ್ರಿ. 20 ಸೆಂಟಿಮೀಟರ್ ಮುಂದಿರುವ ಪರದೆಯನ್ನು ಮುಟ್ಟುವಷ್ಟರಲ್ಲಿ ಇನ್ನೂ 3.33 ಸೆಂಟಿಮೀಟರ್ ಏರುತ್ತದೆ. ಒಟ್ಟು ವಿಚಲನ 3.75 ಸೆಂಟಿಮೀಟರ್.

ನನಗೆ ತುಂಬ ಇಷ್ಟವಾದ ಒಂದು ಸಂಗತಿ ಇಲ್ಲಿದೆ. ಗ್ರಾಫ್ ಹಾಳೆಯ ಮೇಲೆ ಈ ಹಾದಿಯನ್ನು ಬರೆದು, ಹೊರಬಂದ ನೇರ ರೇಖೆಯನ್ನು ಹಿಂದಕ್ಕೆ ಎಳೆಯುತ್ತಾ ಬನ್ನಿ. ಅದು ಮೂಲ ಅಕ್ಷವನ್ನು ಮುಟ್ಟುವುದು ಫಲಕಗಳ ಸರಿಯಾದ ಮಧ್ಯದಲ್ಲಿ, 2.5 ಸೆಂಟಿಮೀಟರ್ ಗುರುತಿನ ಮೇಲೆ. ವೋಲ್ಟ್ ಎಷ್ಟೇ ಬದಲಿಸಿ, ಕಣ ಫಲಕಕ್ಕೆ ತಾಗದೆ ಹೊರಬಂದರೆ ಸಾಕು, ಆ ಬಿಂದು ಕದಲುವುದಿಲ್ಲ. ಹೊರಗೆ ನಿಂತು ನೋಡುವವರಿಗೆ ಎಲೆಕ್ಟ್ರಾನ್ ಮಧ್ಯಬಿಂದುವಿನವರೆಗೆ ನೇರ ಬಂದು ಅಲ್ಲಿ ಥಟ್ಟನೆ ತಿರುಗಿತೇನೋ ಎನಿಸಬೇಕು. ಆದ್ದರಿಂದ ಪರದೆಯ ಮೇಲಿನ ವಿಚಲನಕ್ಕೆ ಒಂದೇ ಗುಣಾಕಾರ ಸಾಕು: ಮಧ್ಯಬಿಂದುವಿನಿಂದ ಪರದೆಗಿರುವ 22.5 ಸೆಂಟಿಮೀಟರನ್ನು 6ರಿಂದ ಭಾಗಿಸಿದರೆ 3.75.

ಲೆಕ್ಕ ಮುಗಿದಾಗ ಎಲೆಕ್ಟ್ರಾನಿನ ಆವೇಶವೂ ದ್ರವ್ಯರಾಶಿಯೂ ಉತ್ತರದಲ್ಲಿ ಇಲ್ಲ. ಎಲ್ಲೋ ತಪ್ಪಿದೆನೇ?

ತಪ್ಪಿಲ್ಲ. ಈ ಇಡೀ ಪಾಠದಲ್ಲಿ ನಿಂತು ಯೋಚಿಸಬೇಕಾದ ಜಾಗ ಇದು. ಕಣಕ್ಕೆ ಮೊದಲ ವೇಗ ಕೊಟ್ಟದ್ದೂ ವಿದ್ಯುತ್ ಕ್ಷೇತ್ರ, ಬಾಗಿಸಿದ್ದೂ ವಿದ್ಯುತ್ ಕ್ಷೇತ್ರ. ಭಾರವಾದ ಕಣ ನಿಧಾನವಾಗಿ ಬರುತ್ತದೆ, ಹಾಗಾಗಿ ಫಲಕಗಳ ನಡುವೆ ಹೆಚ್ಚು ಹೊತ್ತು ಇರುತ್ತದೆ. ಬಾಗುವುದಕ್ಕೆ ಅದು ಎಷ್ಟು ಮೊಂಡೋ ಅಷ್ಟೇ ಹೆಚ್ಚು ಕಾಲ ಅದಕ್ಕೆ ಸಿಗುತ್ತದೆ. ಎರಡೂ ಪೂರ್ತಿ ವಜಾ ಆಗಿ ಉಳಿಯುವುದು ಇಷ್ಟು:

ವಿಚಲನ = (ಫಲಕಗಳ ವೋಲ್ಟ್ × ಉದ್ದದ ವರ್ಗ) ÷ (4 × ವೇಗ ಕೊಟ್ಟ ವೋಲ್ಟ್ × ಅಂತರ)

1,000 ವೋಲ್ಟಿನಿಂದ ಹೊರಟ ಪ್ರೋಟಾನ್ ಕೂಡ, ಆಲ್ಫಾ ಕಣ (ಹೀಲಿಯಂ ನ್ಯೂಕ್ಲಿಯಸ್, ಆವೇಶ ಪ್ರೋಟಾನಿನ ಎರಡರಷ್ಟು) ಕೂಡ ಇದೇ 4.17 ಮಿಲಿಮೀಟರ್ ಬಾಗುತ್ತದೆ. ದಿಕ್ಕು ಮಾತ್ರ ಕೆಳಕ್ಕೆ.

ಪ್ರವೇಶ ಪರೀಕ್ಷೆಗಳಲ್ಲಿ ತಲೆ ತಿರುಗಿಸುವ ಪ್ರಶ್ನೆಗಳೆಲ್ಲ ಇಲ್ಲೇ ಹುಟ್ಟುತ್ತವೆ. ‘ಒಂದೇ ವೇಗದಿಂದ’ ಒಳಬಂದರೆ ವಿಚಲನ ಆವೇಶವನ್ನು ದ್ರವ್ಯರಾಶಿಯಿಂದ ಭಾಗಿಸಿದ ಮೌಲ್ಯಕ್ಕೆ ಅನುಗುಣ. ‘ಒಂದೇ ಚಲನ ಶಕ್ತಿಯಿಂದ’ ಬಂದರೆ ಆವೇಶಕ್ಕೆ ಮಾತ್ರ ಅನುಗುಣ, ಆದ್ದರಿಂದ ಆಲ್ಫಾ ಕಣ ಪ್ರೋಟಾನಿನ ಎರಡರಷ್ಟು ಬಾಗುತ್ತದೆ. ‘ಒಂದೇ ಸಂವೇಗದಿಂದ’ ಬಂದರೆ ಆವೇಶ ಮತ್ತು ದ್ರವ್ಯರಾಶಿಗಳ ಗುಣಲಬ್ಧಕ್ಕೆ ಅನುಗುಣ. ‘ಒಂದೇ ವಿಭವಾಂತರದಿಂದ’ ಬಂದರೆ ಯಾವುದಕ್ಕೂ ಅಲ್ಲ. ನಾಲ್ಕನ್ನೂ ಪಟ್ಟಿಯಾಗಿ ನೆನಪಿಡಲು ಹೋಗಬೇಡಿ. ಪ್ರಶ್ನೆಯಲ್ಲಿ ಯಾವುದು ‘ಒಂದೇ’ ಎಂದಿದೆಯೋ ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಎರಡು ಸಾಲು ಬರೆದು ನೋಡಿ.

ಹಾಗಿದ್ದರೆ ಜೆ. ಜೆ. ಥಾಮ್ಸನ್ ಅವರು ಎಲೆಕ್ಟ್ರಾನಿನ ಆವೇಶ–ದ್ರವ್ಯರಾಶಿ ಅನುಪಾತವನ್ನು ಹೇಗೆ ಅಳೆದರು?

ವಿದ್ಯುತ್ ಕ್ಷೇತ್ರ ಒಂದರಿಂದಲೇ ಆಗದು ಎಂಬುದನ್ನು ಈಗಷ್ಟೇ ಕಂಡೆವು. ವೇಗವನ್ನು ಬೇರೆ ದಾರಿಯಿಂದ ತಿಳಿಯಬೇಕು. ಥಾಮ್ಸನ್ ಕಾಂತಕ್ಷೇತ್ರವನ್ನು ಜೊತೆಗೆ ತಂದದ್ದು ಅದಕ್ಕಾಗಿಯೇ.

ಕಥೆ ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ. ಕ್ಯಾಥೋಡ್ ಕಿರಣಗಳು (ಅನಿಲ ತೆಗೆದ ಗಾಜಿನ ಕೊಳವೆಯಲ್ಲಿ ಋಣ ತುದಿಯಿಂದ ಹೊರಡುವ ಕಿರಣಗಳು) ಆವೇಶ ಹೊತ್ತ ಕಣಗಳಾಗಿದ್ದರೆ ವಿದ್ಯುತ್ ಕ್ಷೇತ್ರದಲ್ಲಿ ಬಾಗಬೇಕು. ಜರ್ಮನಿಯ ಹೈನ್‌ರಿಶ್ ಹರ್ಟ್ಸ್ 1883ರಲ್ಲಿ ಈ ಪ್ರಯೋಗ ಮಾಡಿದಾಗ ಕಿರಣ ಬಾಗಲಿಲ್ಲ. ಕಿರಣಗಳಲ್ಲಿ ಆವೇಶವಿಲ್ಲ ಎಂದೇ ಅವರು ತೀರ್ಮಾನಿಸಿದರು. ಥಾಮ್ಸನ್ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಅದನ್ನೇ ಮತ್ತೆ ಮಾಡಿದಾಗ ಮೊದಲಿಗೆ ಅವರಿಗೂ ಏನೂ ಕಾಣಲಿಲ್ಲ. ಅವರು ಅಲ್ಲಿಗೆ ಬಿಡಲಿಲ್ಲ. ಕೊಳವೆಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಅನಿಲ ಕಿರಣದ ಹೊಡೆತಕ್ಕೆ ವಿದ್ಯುದ್ವಾಹಕವಾಗುತ್ತಿದೆ, ಅದರ ಅಯಾನುಗಳು ಫಲಕಗಳತ್ತ ಸರಿದು ಕ್ಷೇತ್ರವನ್ನು ಮರೆಮಾಡುತ್ತಿವೆ ಎಂದು ಅವರಿಗೆ ಹೊಳೆಯಿತು. ಅನಿಲವನ್ನು ಇನ್ನಷ್ಟು ಹೊರತೆಗೆದರು. ಆಗ ಕಿರಣ ಬಾಗಿತು, ಫಲಕಗಳಿಗೆ ಬರೀ 2 ವೋಲ್ಟ್ ಕೊಟ್ಟಾಗಲೂ ಬಾಗಿತು. ಅವರು ಬಳಸಿದ ಅಲ್ಯೂಮಿನಿಯಂ ಫಲಕಗಳ ಉದ್ದ ಸುಮಾರು 5 ಸೆಂಟಿಮೀಟರ್, ಅಂತರ 1.5 ಸೆಂಟಿಮೀಟರ್. ಮೇಲೆ ನಾವು ಲೆಕ್ಕ ಹಾಕಿದ್ದು ಅದೇ ಅಳತೆಗೆ.

ಆ ಮೇಲೆ ಅವರು ಕಿರಣಕ್ಕೂ ವಿದ್ಯುತ್ ಕ್ಷೇತ್ರಕ್ಕೂ ಲಂಬವಾಗಿ ಕಾಂತಕ್ಷೇತ್ರವನ್ನೂ ಕೊಟ್ಟರು. ಒಂದು ಮೇಲಕ್ಕೆ ಎಳೆದರೆ ಇನ್ನೊಂದು ಕೆಳಕ್ಕೆ. ಎರಡೂ ಸಮವಾದಾಗ ವೇಗ = ವಿದ್ಯುತ್ ಕ್ಷೇತ್ರ ÷ ಕಾಂತಕ್ಷೇತ್ರ. ನಮ್ಮ ಉದಾಹರಣೆಯ ಎಲೆಕ್ಟ್ರಾನನ್ನು ನೆಟ್ಟಗೆ ಕಳಿಸಲು ಬೇಕಾಗುವ ಕಾಂತಕ್ಷೇತ್ರ 3.6 × 10⁻⁴ ಟೆಸ್ಲಾ, ನಮ್ಮ ಊರುಗಳಲ್ಲಿರುವ ಭೂಮಿಯ ಕಾಂತಕ್ಷೇತ್ರದ ಸುಮಾರು ಒಂಬತ್ತು ಪಟ್ಟು. ವೇಗ ಸಿಕ್ಕಿತು, ವಿಚಲನವನ್ನು ಅಳೆದದ್ದಾಗಿದೆ, ಇನ್ನು ಉಳಿದ ಒಂದೇ ಅಪರಿಚಿತ ಅನುಪಾತ ತಾನಾಗಿ ಬರುತ್ತದೆ. ಅದು ಹೈಡ್ರೋಜನ್ ಅಯಾನಿನ ಅನುಪಾತಕ್ಕಿಂತ ಸಾವಿರ ಪಟ್ಟಿನ ಆಸುಪಾಸಿನಲ್ಲಿ ಹೆಚ್ಚಿತ್ತು. ಪರಮಾಣುವಿಗಿಂತ ಎಷ್ಟೋ ಹಗುರವಾದ ಕಣವೊಂದಿದೆ ಎಂದು 1897ರಲ್ಲಿ ಅವರು ಹೇಳಿದ್ದು ಈ ಆಧಾರದ ಮೇಲೆ.

ಹರ್ಟ್ಸ್ ಅವರದು ಅಜಾಗರೂಕತೆಯಲ್ಲ ಎಂಬುದನ್ನೂ ಹೇಳಲೇಬೇಕು. ವಿದ್ಯುತ್ಕಾಂತೀಯ ಅಲೆಗಳನ್ನು ಮುಂದೆ ಪ್ರಯೋಗದಲ್ಲಿ ತೋರಿಸಿಕೊಟ್ಟ ಕೈಗಳು ಅವು. ಅವರಿಗೆ ಕೊರತೆಯಾಗಿದ್ದು ಒಳ್ಳೆಯ ನಿರ್ವಾತ.

ಫಲಕಗಳ ನಡುವೆ 100 ವೋಲ್ಟ್ ಇದ್ದರೆ ಹೊರಬರುವ ಎಲೆಕ್ಟ್ರಾನಿನ ಶಕ್ತಿ 100 ಎಲೆಕ್ಟ್ರಾನ್‌ವೋಲ್ಟ್ ಹೆಚ್ಚಿರುತ್ತದೆಯೇ?

ಉತ್ತರಪತ್ರಿಕೆಗಳಲ್ಲಿ ಪ್ರತಿವರ್ಷ ಕಾಣುವ ತಪ್ಪು ಇದು. ಎಲೆಕ್ಟ್ರಾನ್ ಒಂದು ಫಲಕದಿಂದ ಇನ್ನೊಂದರವರೆಗೆ ಹೋಗಲೇ ಇಲ್ಲ, ಕ್ಷೇತ್ರದ ದಿಕ್ಕಿನಲ್ಲಿ 4.17 ಮಿಲಿಮೀಟರ್ ಮಾತ್ರ ಸರಿಯಿತು. 15 ಮಿಲಿಮೀಟರಿಗೆ 100 ವೋಲ್ಟ್ ಆದರೆ 4.17 ಮಿಲಿಮೀಟರಿಗೆ 27.8 ವೋಲ್ಟ್. ಹಾಗಾಗಿ 1,000 ಇದ್ದದ್ದು 1,027.8 ಎಲೆಕ್ಟ್ರಾನ್‌ವೋಲ್ಟ್ ಆಗುತ್ತದೆ.

ಇನ್ನೊಂದು ದಾರಿಯಿಂದ ತಾಳೆ ನೋಡಿ. ಮೇಲ್ಮುಖ ವೇಗ ಅಡ್ಡ ವೇಗದ ಆರನೇ ಒಂದು ಭಾಗ. ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣ, ಆದ್ದರಿಂದ ಹೆಚ್ಚುವರಿ ಶಕ್ತಿ 1,000ದ ಮೂವತ್ತಾರನೇ ಒಂದು ಭಾಗ, ಅಂದರೆ 27.8.

ಕಾಂತಕ್ಷೇತ್ರದಲ್ಲಿಯೂ ಕಣ ಬಾಗುತ್ತದೆ. ವ್ಯತ್ಯಾಸ ಏನು?

ವಿದ್ಯುತ್ ಬಲದ ದಿಕ್ಕು ಕ್ಷೇತ್ರಕ್ಕೆ ಕಟ್ಟುಬಿದ್ದಿದೆ. ಕಣ ಎತ್ತ ತಿರುಗಿದರೂ ಅದು ಬದಲಾಗದು. ಕಾಂತಬಲ ಕಣದ ವೇಗಕ್ಕೆ ಸದಾ ಲಂಬವಾಗಿ ತಾನೂ ತಿರುಗುತ್ತಾ ಹೋಗುತ್ತದೆ. ಹಾಗಾಗಿ ಮೊದಲನೆಯದರಲ್ಲಿ ಪರವಲಯ, ಎರಡನೆಯದರಲ್ಲಿ ವೃತ್ತ ಅಥವಾ ಸುರುಳಿ. ಕಾಂತಬಲ ಕೆಲಸ ಮಾಡುವುದಿಲ್ಲವಾದ್ದರಿಂದ ಶಕ್ತಿಯನ್ನು ಹೆಚ್ಚಿಸಲಾರದು. ನಿಂತಿರುವ ಕಣವನ್ನು ಅದು ಮುಟ್ಟುವುದೂ ಇಲ್ಲ.

ಕಣ ಓರೆಯಾಗಿ ಒಳಬಂದರೆ?

ವೇಗವನ್ನು ಎರಡು ಘಟಕಗಳಾಗಿ ಒಡೆಯಿರಿ. ಕ್ಷೇತ್ರಕ್ಕೆ ಲಂಬವಾದದ್ದು ಬದಲಾಗದು, ಸಮಾಂತರವಾದದ್ದು ಒಂದೇ ದರದಲ್ಲಿ ಬದಲಾಗುತ್ತದೆ. ಉತ್ಕ್ಷೇಪಕದ ವ್ಯಾಪ್ತಿ, ಗರಿಷ್ಠ ಎತ್ತರಗಳ ಸೂತ್ರಗಳಲ್ಲಿ ಗುರುತ್ವದ ಜಾಗಕ್ಕೆ ಹೊಸ ವೇಗೋತ್ಕರ್ಷವನ್ನು ಹಾಕಿದರೆ ಉತ್ತರ ಬಂತು. 45 ಡಿಗ್ರಿಯಲ್ಲಿ ಅತಿ ಹೆಚ್ಚು ವ್ಯಾಪ್ತಿ ಎಂಬ ಹಳೆಯ ಮಾತು ಇಲ್ಲಿಯೂ ನಿಜ.

ಕ್ಷೇತ್ರರೇಖೆ ಎಂದರೆ ಆವೇಶ ಸಾಗುವ ಹಾದಿ ಎಂದು ಓದಿದ್ದೇನೆ. ಸರಿಯೇ?

ಸರಿಯಲ್ಲ. ಕ್ಷೇತ್ರರೇಖೆ ಬಲದ ದಿಕ್ಕನ್ನು, ಅಂದರೆ ವೇಗೋತ್ಕರ್ಷದ ದಿಕ್ಕನ್ನು ತೋರಿಸುತ್ತದೆ. ವೇಗದ ದಿಕ್ಕು ಬೇರೆ ವಿಷಯ. ಏಕರೂಪ ಕ್ಷೇತ್ರದಲ್ಲಿ ನಿಂತಲ್ಲಿಂದ ಬಿಟ್ಟ ಅಥವಾ ರೇಖೆಯ ನೇರಕ್ಕೇ ಹೊರಟ ಕಣ ಮಾತ್ರ ರೇಖೆಯ ಗುಂಟ ಹೋಗುತ್ತದೆ. ಅಡ್ಡವಾಗಿ ಬಂದ ನಮ್ಮ ಎಲೆಕ್ಟ್ರಾನ್ ರೇಖೆಗಳನ್ನು ಒಂದೊಂದಾಗಿ ಕತ್ತರಿಸುತ್ತಾ ಹೋಯಿತಲ್ಲ. ರೇಖೆಗಳೇ ಬಾಗಿರುವ ಕಡೆಯಂತೂ ನಿಂತಲ್ಲಿಂದ ಬಿಟ್ಟ ಕಣವೂ ಅವುಗಳಿಂದ ಹೊರಕ್ಕೆ ಜಾರುತ್ತದೆ.

ತಾಮ್ರದ ತಂತಿಯೊಳಗೂ ಏಕರೂಪ ಕ್ಷೇತ್ರ ಇದೆ. ಅಲ್ಲಿನ ಎಲೆಕ್ಟ್ರಾನ್ ವೇಗ ಏರಿಸುತ್ತಾ ಹೋಗುವುದಿಲ್ಲ ಏಕೆ?

ಒಳ್ಳೆಯ ಪ್ರಶ್ನೆ. ಅಲ್ಲಿ ಅದು ಒಂಟಿಯಲ್ಲ. ಲೋಹದ ಕಂಪಿಸುವ ಅಯಾನುಗಳಿಗೆ ಕ್ಷಣಕ್ಷಣಕ್ಕೂ ಡಿಕ್ಕಿ ಹೊಡೆದು, ಕ್ಷೇತ್ರ ಕೊಟ್ಟ ವೇಗವನ್ನು ಕಳೆದುಕೊಳ್ಳುತ್ತದೆ. ಸರಾಸರಿಯಲ್ಲಿ ಉಳಿಯುವುದು ಒಂದು ನಿಧಾನ ಸರಿತ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯುವಾಗ ಆ ಸರಿತದ ವೇಗ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್. ಒಂದು ಮೀಟರ್ ದಾಟಲು ನಾಲ್ಕು ಗಂಟೆಯ ಹತ್ತಿರ ಬೇಕು! ಗಾಳಿಯಲ್ಲಿಯೂ ಇದೇ ತೊಂದರೆ: ಒಂದು ಮೈಕ್ರೊಮೀಟರ್ ಸಾಗುವಷ್ಟರಲ್ಲಿ ಎಲೆಕ್ಟ್ರಾನ್ ಯಾವುದಾದರೂ ಅಣುವಿಗೆ ತಾಗಿರುತ್ತದೆ. ನಮ್ಮ ಪರವಲಯಗಳೆಲ್ಲ ನಿರ್ವಾತಕ್ಕೆ ಸೇರಿದವು.

ತಲೆ ಬಾಚಿದ ಬಾಚಣಿಗೆಯತ್ತ ನಲ್ಲಿಯ ನೀರಿನ ಎಳೆ ಬಾಗುವುದೂ ಇದೇ ತತ್ತ್ವವೇ?

ನೋಡಲು ಹಾಗೆಯೇ ಕಾಣುತ್ತದೆ, ಆದರೆ ಅಲ್ಲ. ಬಾಚಣಿಗೆಯ ಕ್ಷೇತ್ರ ಹತ್ತಿರದಲ್ಲಿ ಹೆಚ್ಚು, ದೂರದಲ್ಲಿ ಕಡಿಮೆ, ಏಕರೂಪವಲ್ಲ. ಅದರ ಪ್ರಭಾವದಿಂದ ನೀರಿನಲ್ಲಿ ಆವೇಶಗಳು ಸರಿದಾಡುವುದರಿಂದ ಹತ್ತಿರದ ಬದಿಯ ಮೇಲಿನ ಸೆಳೆತ ದೂರದ ಬದಿಯ ಮೇಲಿನ ತಳ್ಳುವಿಕೆಯನ್ನು ಮೀರುತ್ತದೆ. ನಿಜವಾದ ಏಕರೂಪ ಕ್ಷೇತ್ರದಲ್ಲಿ ಒಟ್ಟಾರೆ ಆವೇಶವಿಲ್ಲದ ವಸ್ತುವಿನ ಮೇಲೆ ಎರಡೂ ಬದಿಯ ಬಲಗಳು ಸಮವಾಗಿ ವಜಾ ಆಗುತ್ತವೆ. ಧ್ರುವೀಯ ಅಣುವಾದರೆ ಅದು ತಿರುಗಿ ನಿಲ್ಲುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ.

ಇದನ್ನು ಕಣ್ಣಾರೆ ಎಲ್ಲಿ ನೋಡಬಹುದು?

ಕಾಲೇಜಿನ ಪ್ರಯೋಗಾಲಯದಲ್ಲಿ ಹಳೆಯ ಸಿಆರ್‌ಒ (ಕ್ಯಾಥೋಡ್ ಕಿರಣ ಆಸಿಲೋಸ್ಕೋಪ್, ವೋಲ್ಟಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಇದ್ದರೆ ಬೇರೇನೂ ಬೇಡ. ಅಡ್ಡ ಗೆರೆ ಎಳೆಯುವ ಟೈಮ್‌ಬೇಸನ್ನು ನಿಲ್ಲಿಸಿ, ಬೆಳಕಿನ ತೀವ್ರತೆಯನ್ನು ತಗ್ಗಿಸಿ (ಇಲ್ಲದಿದ್ದರೆ ಒಂದೇ ಜಾಗದಲ್ಲಿ ಪರದೆ ಸುಟ್ಟುಹೋಗುತ್ತದೆ). ನಡುವೆ ಒಂದು ಹಸಿರು ಚುಕ್ಕಿ ನಿಲ್ಲುತ್ತದೆ. ಈಗ ಡಿಸಿ ಸ್ಥಾನದಲ್ಲಿಟ್ಟು, ಟಾರ್ಚಿಗೆ ಹಾಕುವ 1.5 ವೋಲ್ಟಿನ ಶುಷ್ಕಕೋಶದ ಎರಡು ತುದಿಗಳನ್ನು ಒಳದಾರಿಗೆ ತಾಗಿಸಿ. ಚುಕ್ಕಿ ಟಣ್ಣನೆ ಮೇಲಕ್ಕೆ ಹಾರಿ ಅಲ್ಲೇ ನಿಲ್ಲುತ್ತದೆ. ಕೋಶವನ್ನು ತಿರುಗಿಸಿ ಹಿಡಿದರೆ ಅಷ್ಟೇ ಕೆಳಕ್ಕೆ ಇಳಿಯುತ್ತದೆ. ಎರಡು ಕೋಶ ಜೋಡಿಸಿದರೆ ಎರಡರಷ್ಟು. ವಿಚಲನ ವೋಲ್ಟಿಗೆ ಅನುಗುಣ ಎಂಬ ಸಾಲು ಪರದೆಯ ಚೌಕಗಳ ಮೇಲೆ ಎದ್ದು ನಿಂತಿರುತ್ತದೆ. ಕೋಶದ ವೋಲ್ಟನ್ನು ಒಳಗಿನ ಮಂಡಲ ವರ್ಧಿಸಿ ಫಲಕಗಳಿಗೆ ಕೊಡುತ್ತದೆ ಎಂಬುದೊಂದೇ ಹೆಚ್ಚಿನ ಸಂಗತಿ. ಆ ಕೊಳವೆಯ ಸುತ್ತ ಮ್ಯೂ-ಮೆಟಲ್ ಎಂಬ ನಿಕ್ಕಲ್–ಕಬ್ಬಿಣದ ಮಿಶ್ರಲೋಹದ ಹೊದಿಕೆ ಇರುತ್ತದೆ. ಅದಿಲ್ಲದಿದ್ದರೆ ಭೂಮಿಯ ಕಾಂತಕ್ಷೇತ್ರವೇ ಕಿರಣವನ್ನು ಪಕ್ಕಕ್ಕೆ ಎಳೆಯುತ್ತದೆ. ನಮ್ಮ ಉದಾಹರಣೆಯ ಎಲೆಕ್ಟ್ರಾನ್ ಆ ಕ್ಷೇತ್ರಕ್ಕೆ ಲಂಬವಾಗಿ 25 ಸೆಂಟಿಮೀಟರ್ ಸಾಗಿದರೆ ಒಂದು ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ.

ಹಳೆಯ ದಪ್ಪ ಟಿವಿಗಳನ್ನು ಉದಾಹರಣೆಯಾಗಿ ಬರೆಯಬೇಡಿ. ಅಗಲ ಪರದೆಯುದ್ದಕ್ಕೂ ಕಿರಣವನ್ನು ತಿರುಗಿಸಲು ಅವುಗಳಲ್ಲಿ ಬಳಸುತ್ತಿದ್ದದ್ದು ಕಾಂತ ಸುರುಳಿಗಳನ್ನು. ಅದರ ಬದಲು ನೀರಿನ ಬಾಟಲಿಯ ಮೇಲೆ ಚುಕ್ಕಿಚುಕ್ಕಿಯಾಗಿ ಮುದ್ರಿಸಿದ ದಿನಾಂಕವನ್ನು ನೋಡಿ. ಇಂಥ ಮುದ್ರಣಕ್ಕೆ ಕಾರ್ಖಾನೆಗಳಲ್ಲಿ ಬಳಸುವ ಒಂದು ಬಗೆಯ ಯಂತ್ರದಲ್ಲಿ ಶಾಯಿಯ ಎಳೆ ಹನಿಹನಿಯಾಗಿ ಒಡೆಯುತ್ತದೆ, ಪ್ರತಿ ಹನಿಗೂ ಬೇಕಾದಷ್ಟು ಆವೇಶ ಕೊಡಲಾಗುತ್ತದೆ, ಆಮೇಲೆ ಅವು ಎರಡು ಫಲಕಗಳ ನಡುವೆ ಹಾದುಹೋಗುತ್ತವೆ. ಹೆಚ್ಚು ಆವೇಶದ ಹನಿ ಹೆಚ್ಚು ಬಾಗಿ ಅಕ್ಷರದ ಮೇಲಿನ ಚುಕ್ಕಿಯಾಗುತ್ತದೆ, ಕಡಿಮೆ ಆವೇಶದ್ದು ಕೆಳಗಿನ ಚುಕ್ಕಿಯಾಗುತ್ತದೆ. ಆವೇಶವಿಲ್ಲದ ಹನಿ ನೆಟ್ಟಗೆ ಹೋಗಿ ಮತ್ತೆ ಶಾಯಿಯ ತೊಟ್ಟಿಗೆ ಸೇರುತ್ತದೆ. ಹನಿಗಳ ದ್ರವ್ಯರಾಶಿಯೂ ವೇಗವೂ ಒಂದೇ ಆದ್ದರಿಂದ ಆವೇಶವೊಂದೇ ಹಾದಿಯನ್ನು ತೀರ್ಮಾನಿಸುತ್ತದೆ.

ಉಷ್ಣ ವಿದ್ಯುತ್ ಸ್ಥಾವರಗಳ ಹೊಗೆಯಿಂದ ಬೂದಿ ಹಿಡಿಯುವ ಯಂತ್ರಗಳಲ್ಲಿಯೂ ಆವೇಶಿತ ಕಣಗಳನ್ನು ಫಲಕಗಳತ್ತ ಎಳೆಯುತ್ತಾರೆ. ಆದರೆ ಅಲ್ಲಿ ತಂತಿ ಮತ್ತು ಫಲಕದ ನಡುವಿನ ಕ್ಷೇತ್ರ ಏಕರೂಪವಲ್ಲ, ಗಾಳಿಯ ತಡೆಯೂ ಇದೆ. ಈ ಪುಟದ ಸೂತ್ರಗಳನ್ನು ಅಲ್ಲಿಗೆ ಒಯ್ಯಬೇಡಿ.

ಕ್ಷೇತ್ರ ಉದ್ದಕ್ಕೂ ಇದ್ದರೆ ಎಲೆಕ್ಟ್ರಾನ್ ಒಂದು ದಿನ ಬೆಳಕನ್ನೂ ಮೀರಿಸುತ್ತದೆಯೇ?

ನಮ್ಮ ಸೂತ್ರ ಹಾಗೆ ಹೇಳುತ್ತದೆ. ಪ್ರಕೃತಿ ಒಪ್ಪುವುದಿಲ್ಲ. 2,500 ವೋಲ್ಟಿನವರೆಗೆ ಚಿಂತೆಯಿಲ್ಲ, ಅಲ್ಲಿ ಎಲೆಕ್ಟ್ರಾನಿನ ವೇಗ ಬೆಳಕಿನ ಹತ್ತನೇ ಒಂದರಷ್ಟು ಮತ್ತು ಸೂತ್ರದ ದೋಷ ಶೇಕಡಾ ಒಂದಕ್ಕೂ ಕಡಿಮೆ. 5.11 ಲಕ್ಷ ವೋಲ್ಟಿಗೆ ಹೋದರೆ ಹಳೆಯ ಸೂತ್ರ ಬೆಳಕಿನ 1.41 ಪಟ್ಟು ಎನ್ನುತ್ತದೆ. ನಿಜವಾದ ಉತ್ತರ 0.866 ಪಟ್ಟು. ಶಕ್ತಿ ಎಷ್ಟು ಬೇಕಾದರೂ ಏರುತ್ತದೆ, ವೇಗ ಮಾತ್ರ ಬೆಳಕಿನ ವೇಗದ ಹತ್ತಿರ ಹತ್ತಿರ ಹೋಗುತ್ತದೆಯೇ ಹೊರತು ಮುಟ್ಟುವುದಿಲ್ಲ.

ಅಡ್ಡಲಾಗಿ ನುಗ್ಗಿದ ಕಣದ ಹಾದಿಯೂ ಆಗ ಪರವಲಯವಾಗಿ ಉಳಿಯುವುದಿಲ್ಲ. ಅಡ್ಡ ದಿಕ್ಕಿನ ಸಂವೇಗ ಬದಲಾಗದಿದ್ದರೂ ಒಟ್ಟು ಶಕ್ತಿ ಏರುತ್ತಿರುವುದರಿಂದ ಅಡ್ಡ ದಿಕ್ಕಿನ ವೇಗ ನಿಧಾನವಾಗಿ ಕುಗ್ಗುತ್ತದೆ. ಹಾಗಾಗಿ ಹಾದಿ ಪರವಲಯಕ್ಕಿಂತ ಕಡಿದಾಗಿ ಏರುತ್ತದೆ. ಪೂರ್ತಿ ಲೆಕ್ಕ ಹಾಕಿದರೆ ಬರುವ ಆಕಾರ, ಎರಡು ಕಂಬಗಳ ನಡುವೆ ಇಳಿಬಿಟ್ಟ ಸರಪಳಿಯದು. ಆ ಸರಪಳಿಯ ತಳದ ಸಣ್ಣ ಭಾಗವನ್ನಷ್ಟೇ ತೆಗೆದುಕೊಂಡರೆ ಅದನ್ನು ಪರವಲಯದಿಂದ ಬೇರೆ ಮಾಡಿ ತೋರಿಸುವುದು ಕಷ್ಟ. 1,000 ವೋಲ್ಟಿನ ನಮ್ಮ ಎಲೆಕ್ಟ್ರಾನ್ 5 ಸೆಂಟಿಮೀಟರ್ ಫಲಕಗಳ ನಡುವೆ ಸಾಗಿದ್ದು ಆ ತಳದ ತುಣುಕಿನಲ್ಲಿ.